ಷೋರೂಮಿನಲ್ಲೂ ಒಂದು ತಕ್ಕಡಿ ಇದೆ

ನಮ್ಮ ಮಸೀದಿಯಲ್ಲಿ ಪ್ರತಿ ಗುರುವಾರ ಇಶಾ ನಮಾಝಿನ ಬಳಿಕ ಕುರ್‌ಆನ್ ದರ್ಸ್ ನಡೆಯುತ್ತದೆ. ಕೆಲವು ತಿಂಗಳ ಹಿಂದೆ ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯವಾದ ‘ಅಲ್ ಮುತಫ್ಫಿಫೀನ್’ನ ಮೊದಲ ಸೂಕ್ತಗಳನ್ನು ವಿವರಿಸುತ್ತಿದ್ದೆ. ತಾವು ಪಡೆಯುವಾಗ ಅಳತೆಯನ್ನು ತುಂಬ ಪಡೆದು, ಇತರರಿಗೆ ಕೊಡುವಾಗ ಕಡಿತ ಮಾಡುವವರಿಗೆ ಅಲ್ಲಾಹನು ಅಲ್ಲಿ ವಿನಾಶದ ಎಚ್ಚರಿಕೆ ನೀಡಿದ್ದಾನೆ. ಮರಣಾನಂತರ ಮತ್ತೆ ಎಬ್ಬಿಸಲ್ಪಡುವ ದಿನದ ನೆನಪು ಅವರಿಗಿಲ್ಲವೇ ಎಂದು ಕೇಳಿದ್ದಾನೆ. ದರ್ಸ್ ಮುಗಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ನಿಂತರು. ಗುಂಡ್ಲುಪೇಟೆ, ತೆರಕಣಾಂಬಿ ಸುತ್ತಿನ ಹಳ್ಳಿಗಳಿಗೆ ಬೈಕಿನ ಹಿಂದೆ ಬಟ್ಟೆ ಗಂಟು ಕಟ್ಟಿಕೊಂಡು ಹೋಗಿ ಮಾರುವವರು ಅವರು.

“ಹಝ್ರತ್, ಈ ಸೂರಃ ಅಕ್ಕಿ ಬೇಳೆ ತೂಗುವವರಿಗೆ ಮಾತ್ರವೋ, ಬೈಕ್ ಮಾರುವವರಿಗೂ ಸೇರುತ್ತೋ?” ಎಂದು ಕೇಳಿದರು.

ಕೆಲವರು ನಕ್ಕರು. ಅವರು ನಗಲಿಲ್ಲ. ಹೊಸ ಬೈಕ್ ಕೊಳ್ಳಲು ಹೋದಾಗ ಎಲ್ಲ ಸೇರಿ 1,02,000 ರೂಪಾಯಿ ಎಂದು ಹೇಳಿ ಪಡೆದರಂತೆ. ಮನೆಗೆ ಬಂದು ಓದುಬರಹ ಕಲಿತ ಮಗಳ ಕೈಯಲ್ಲಿ ಕಾಗದಗಳನ್ನು ಕೂಡಿಸಿ ನೋಡಿದರೆ ಮೊತ್ತ 97,300 ಮಾತ್ರ. ಉಳಿದ 4,700 ರೂಪಾಯಿಗೆ ಯಾವ ಚೀಟಿಯೂ ಇಲ್ಲ. ಮೊದಲ ಸರ್ವಿಸ್‌ಗೆ ಬೆಳಗ್ಗೆ ಬಿಟ್ಟ ಬೈಕನ್ನು ಸಂಜೆಗೆ ಕೊಡುತ್ತೇವೆಂದು ಹೇಳಿ ಮೂರು ದಿನ ಇಟ್ಟುಕೊಂಡರು. ಆ ಮೂರು ದಿನವೂ ಅವರು ಹಳ್ಳಿಗೆ ಹೋಗಲಿಲ್ಲ, ವ್ಯಾಪಾರ ಇರಲಿಲ್ಲ. ದಿನದ ದುಡಿಮೆಯಿಂದ ದಿನದ ಒಲೆ ಉರಿಯುವ ಮನೆಯಲ್ಲಿ ಮೂರು ದಿನ ಎಂದರೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

“ಸೇರುತ್ತದೆ, ಎಲ್ಲ ವ್ಯಾಪಾರಿಗಳಿಗೂ ಸೇರುತ್ತದೆ” ಎಂದು ನಾನು ಥಟ್ಟನೆ ಹೇಳಿಬಿಟ್ಟೆ. ಆದರೆ ಹೇಗೆ ಸೇರುತ್ತದೆ ಎಂದು ಅವರು ಮರುಪ್ರಶ್ನೆ ಹಾಕಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ದಿನಸಿ ಅಂಗಡಿಯಲ್ಲಿ ತಕ್ಕಡಿ ಕಣ್ಣೆದುರಿಗೆ ಇರುತ್ತದೆ. ಷೋರೂಮಿನಲ್ಲಿ ತಕ್ಕಡಿ ಎಲ್ಲಿದೆ? ಅದನ್ನು ಹುಡುಕಲು ಹೊರಟದ್ದರ ಫಲ ಈ ಲೇಖನ. ಇದರಲ್ಲಿ ಯಾವ ಅಂಗಡಿಯ ಹೆಸರನ್ನೂ, ಅದು ಚಾಮರಾಜನಗರದ್ದೋ ಗುಂಡ್ಲುಪೇಟೆಯದ್ದೋ ಎಂಬುದನ್ನೂ ನಾನು ಬರೆಯುವುದಿಲ್ಲ. ಪಾಠ ಮುಖ್ಯವೇ ಹೊರತು ಒಬ್ಬರ ಮಾನವನ್ನು ಬೀದಿಗೆಳೆಯುವುದಲ್ಲ.

ಬೆಲೆ ಎಂದರೆ ಏನೇನು?

ಆ ರಾತ್ರಿ ನಾನು ನನ್ನದೇ ಬೈಕಿನ ಕಡತವನ್ನು ತೆಗೆದೆ. ಎರಡು ವರ್ಷದ ಹಿಂದೆ ಕೊಂಡದ್ದು. ಬಡ್ಡಿಯ ಸಾಲ ಬೇಡವೆಂದು ಸಂಬಳದಲ್ಲಿ ತಿಂಗಳು ತಿಂಗಳು ಎತ್ತಿಟ್ಟ ಹಣ ಅದು. ನಗದು ಎಂದ ಕೂಡಲೇ ಅಲ್ಲಿನವರ ಮುಖದ ಉತ್ಸಾಹ ಕುಂದಿದ್ದು ನನಗೆ ನೆನಪಿದೆ. “ಲೋನ್ ಆದರೆ ಇವತ್ತೇ ಗಾಡಿ ತಗೊಂಡು ಹೋಗಿ ಸರ್, ಕ್ಯಾಷ್ ಆದರೆ ಹದಿನೈದು ದಿನ ಆಗುತ್ತೆ” ಎಂದಿದ್ದರು. ಗಾಡಿ ಒಂದೇ, ಬಣ್ಣ ಒಂದೇ. ನಗದಿಗೆ ಇಲ್ಲದ ಗಾಡಿ ಸಾಲಕ್ಕೆ ಹೇಗೆ ಇರುತ್ತದೆ? ಸಾಲ ಕೊಡಿಸಿದ ಷೋರೂಮಿಗೆ ಫೈನಾನ್ಸ್ ಕಂಪನಿಯಿಂದ ಕಮಿಷನ್ ಸಿಗುವುದುಂಟು ಎಂದು ನನಗೆ ತಿಳಿದದ್ದು ಆಮೇಲೆ. ಬಡ್ಡಿಯಿಂದ ದೂರವಿರಬೇಕೆಂದು ಎಷ್ಟೋ ಆಸೆಗಳನ್ನು ಹಿಡಿದಿಟ್ಟು ಹಣ ಕೂಡಿಸಿದ ಕುಟುಂಬವನ್ನು ಸುಳ್ಳು ಹೇಳಿ ಬಡ್ಡಿಯತ್ತ ತಳ್ಳುವುದು ಸಣ್ಣ ಮಾತಲ್ಲ. ನಾನು ಕಾದೆ. ಕಾಯಲಾಗದವರು ಎಷ್ಟು ಮಂದಿಯೋ?

ಬೈಕಿಗೆ ನಾವು ಕೊಡುವ ಹಣ ಒಂದೇ ಮೊತ್ತವಾಗಿ ಕಂಡರೂ ಅದು ಹಲವು ಭಾಗಗಳ ಕೂಡಿಕೆ. ಮೊದಲನೆಯದು ಷೋರೂಂ ಬೆಲೆ, ಇದರಲ್ಲಿ ಜಿ.ಎಸ್.ಟಿ. ಸೇರಿರುತ್ತದೆ. ಎರಡನೆಯದು ರಾಜ್ಯಕ್ಕೆ ಸಲ್ಲುವ ಜೀವಿತಾವಧಿ ತೆರಿಗೆ. ಮೂರನೆಯದು ನೋಂದಣಿ ಶುಲ್ಕ. ನಮ್ಮ ಜಿಲ್ಲೆಯ ಗಾಡಿಗೆ ‘ಕೆಎ 10’ ಎಂಬ ಅಂಕ ಬರುವುದು ಈ ನೋಂದಣಿಯಿಂದ. ನಾಲ್ಕನೆಯದು ವಿಮೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ ಕಾನೂನಿನಂತೆ ಕಡ್ಡಾಯವಲ್ಲ. ವಿಮೆಯನ್ನು ಆ ಷೋರೂಮಿನಲ್ಲೇ ಕೊಳ್ಳಬೇಕೆಂಬ ಕಟ್ಟಳೆಯೂ ಇಲ್ಲ.

ಇಷ್ಟರ ಆಚೆಗೆ ಬರುವವು ‘ಹ್ಯಾಂಡ್ಲಿಂಗ್’, ‘ಕಿಟ್’, ‘ಫಿಟಿಂಗ್’ ಎಂಬ ಹೆಸರುಗಳು. ಹ್ಯಾಂಡ್ಲಿಂಗ್ ಎಂಬುದು ಸರ್ಕಾರಕ್ಕೆ ಸಲ್ಲುವ ತೆರಿಗೆಯೂ ಅಲ್ಲ, ಶುಲ್ಕವೂ ಅಲ್ಲ. ಕಿಟ್‌ನಲ್ಲಿ ಸೀರೆಗಾರ್ಡ್‌ಗೆಂದು ಹಣ ಕೇಳುವವರಿದ್ದಾರೆ. ಆದರೆ ಹಿಂದೆ ಕುಳಿತವರಿಗೆ ಹಿಡಿಕೆ, ಕಾಲಿಡುವ ಆಸರೆ, ಹಿಂದಿನ ಚಕ್ರಕ್ಕೆ ಬಟ್ಟೆ ಸಿಲುಕದಂತೆ ರಕ್ಷಣೆ ಇವೆಲ್ಲ ಗಾಡಿಯಲ್ಲಿ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ದ್ವಿಚಕ್ರ ವಾಹನ ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ ಗುಣಮಟ್ಟಕ್ಕೆ ಒಪ್ಪುವ ಹೆಲ್ಮೆಟ್ಟನ್ನು ತಯಾರಕರು ಒದಗಿಸಬೇಕೆಂದು 138ನೆಯ ನಿಯಮದಲ್ಲಿದೆ. ಇದು ತಿಳಿಯದ ಗ್ರಾಹಕನು ತನಗೆ ಸಲ್ಲಬೇಕಾದ ವಸ್ತುವಿಗೇ ಮತ್ತೆ ಹಣ ತೆರುತ್ತಾನೆ.

ಇನ್ನೊಂದು ಲೆಕ್ಕ ನೋಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚೆ 70,000 ರೂಪಾಯಿ ಇದ್ದ ಗಾಡಿ ಮೊದಲು 89,600 ಆಗುತ್ತಿತ್ತು. ಈಗ 82,600 ಆಗಬೇಕು. ವ್ಯತ್ಯಾಸ 7,000 ರೂಪಾಯಿ. ಸರ್ಕಾರ ಬಿಟ್ಟುಕೊಟ್ಟ ಈ ಹಣ ಕೊಳ್ಳುವವನಿಗೆ ಸೇರಿದ್ದು. ಅದನ್ನು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಒಳಗೆ ಎಳೆದುಕೊಂಡರೆ ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನನ್ನ ಕಡತದಲ್ಲೂ ಚೀಟಿ ಇಲ್ಲದ ಹಣವಿತ್ತು. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ಅಂದು ನಾನು ಭರ್ತಿಯಾಗದ ಖಾಲಿ ಫಾರಂಗಳಿಗೆ ಒಂದರ ಮೇಲೊಂದು ಸಹಿ ಹಾಕಿದ್ದೆ. ಮಕ್ಕಳಿಗೆ ಅಕ್ಷರ ಕಲಿಸುವ ನಾನು ಓದದೆ ಸಹಿ ಹಾಕಿದ್ದೆ!

ಅತ್ಯಂತ ದೀರ್ಘ ಸೂಕ್ತ ಏನನ್ನು ಕಲಿಸುತ್ತದೆ?

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದು ಎಂದು ಮದ್ರಸದ ಮಕ್ಕಳನ್ನು ಕೇಳಿದರೆ ಅಲ್ ಬಕರಃ ಅಧ್ಯಾಯದ 282ನೆಯದು ಎಂದು ಹೇಳುತ್ತಾರೆ. ಅದರ ವಿಷಯ ಏನು? ನಮಾಝ್ ಅಲ್ಲ, ಉಪವಾಸ ಅಲ್ಲ, ಹಜ್ ಅಲ್ಲ. ಕೊಡುಕೊಳ್ಳುವ ವ್ಯವಹಾರವನ್ನು ಬರೆದಿಡುವುದು! ಅವಧಿಯ ಮೇಲೆ ನಡೆಯುವ ವ್ಯವಹಾರವನ್ನು ಬರೆಯಬೇಕು. ಬರೆಯುವವನು ನ್ಯಾಯದಿಂದ ಬರೆಯಬೇಕು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು. ಸಾಕ್ಷಿಗಳಿರಬೇಕು ಎಂದು ಅಲ್ಲಿ ಬೋಧಿಸಲಾಗಿದೆ. ಕೈಯಿಂದ ಕೈಗೆ ಆಗಲೇ ಮುಗಿದುಹೋಗುವ ವ್ಯಾಪಾರಕ್ಕೆ ಬರವಣಿಗೆಯ ಒತ್ತಾಯವಿಲ್ಲ. ಆದರೆ ಬೈಕ್ ವ್ಯಾಪಾರ ಆಗಲೇ ಮುಗಿಯುವಂಥದ್ದೇ? ಗಾಡಿ ಒಂದು ದಿನ, ಆರ್.ಸಿ. ಇನ್ನೊಂದು ದಿನ, ಸರ್ವಿಸ್ ತಿಂಗಳುಗಟ್ಟಲೆ, ವಾರಂಟಿ ವರ್ಷಗಟ್ಟಲೆ. ಇಲ್ಲಿ ಬರವಣಿಗೆ ಬೇಡ ಎನ್ನುವವನು ಯಾರ ಅನುಕೂಲಕ್ಕಾಗಿ ಹಾಗೆ ಹೇಳುತ್ತಾನೆ?

ನಾನು ಹುಡುಕುತ್ತಿದ್ದ ತಕ್ಕಡಿ ಇಲ್ಲಿ ಸಿಕ್ಕಿತು. ದಿನಸಿ ಅಂಗಡಿಯ ತಕ್ಕಡಿ ಕಬ್ಬಿಣದ್ದು; ಷೋರೂಮಿನ ತಕ್ಕಡಿ ಕಾಗದದ್ದು. ಬಾಯಲ್ಲಿ ಹೇಳಿದ ಮಾತು ಒಂದು ತಟ್ಟೆ, ಕಾಗದದಲ್ಲಿ ಬರೆದದ್ದು ಇನ್ನೊಂದು ತಟ್ಟೆ. ಎರಡೂ ಸಮ ನಿಂತರೆ ವ್ಯಾಪಾರ ನ್ಯಾಯದ್ದು. ಒಂದು ಮೇಲೆ ಒಂದು ಕೆಳಗೆ ಆದರೆ ಅಲ್ಲಿ ‘ತತ್‌ಫೀಫ್’ ಇದೆ, ಅಂದರೆ ಅಳತೆಯ ಮೋಸ ಇದೆ.

ಸವಾರಿಯ ವ್ಯಾಪಾರದಲ್ಲಿ ಷರತ್ತುಗಳನ್ನು ಸ್ಪಷ್ಟಪಡಿಸಿಕೊಳ್ಳಲು ಪ್ರವಾದಿವರ್ಯರ(ಸ) ಜೀವನದಲ್ಲೇ ಮಾದರಿ ಇದೆ. ಒಂದು ಪ್ರಯಾಣದಿಂದ ಮರಳುವಾಗ ಹಝ್ರತ್ ಜಾಬಿರ್(ರ) ಅವರ ಒಂಟೆ ಬಳಲಿ ಹಿಂದೆ ಬಿದ್ದಿತ್ತು. ಪ್ರವಾದಿ(ಸ) ಅದನ್ನು ಕೊಳ್ಳುವುದಾಗಿ ಹೇಳಿ ಬೆಲೆ ಗೊತ್ತುಮಾಡಿದರು. ಮದೀನಾ ತಲಪುವವರೆಗೆ ಅದರ ಮೇಲೆ ಸವಾರಿ ಮಾಡುವ ಹಕ್ಕು ತಮಗಿರಬೇಕೆಂದು ಜಾಬಿರ್(ರ) ಷರತ್ತು ಹಾಕಿದರು. ಪ್ರವಾದಿ(ಸ) ಒಪ್ಪಿದರು. ಮದೀನಾದಲ್ಲಿ ಒಂಟೆಯನ್ನು ಒಪ್ಪಿಸಿದಾಗ ಬೆಲೆಯನ್ನು ತೂಗಿ, ಇನ್ನಷ್ಟು ಸೇರಿಸಿ ಕೊಡುವಂತೆ ಬಿಲಾಲ್(ರ)ರಿಗೆ ಹೇಳಿದರು. ಕೊನೆಗೆ ಒಂಟೆಯನ್ನೂ ಜಾಬಿರ್(ರ)ರಿಗೇ ಮರಳಿಸಿದರು. ಅಲ್ಲಾಹನ ಸಂದೇಶವಾಹಕರೊಂದಿಗೆ ವ್ಯಾಪಾರ ಮಾಡುವಾಗಲೂ ಸಹಾಬಿಗಳು ಷರತ್ತನ್ನು ಬಾಯಿಬಿಟ್ಟು ಹೇಳಿದರು, ಅದು ಅಗೌರವವಾಗಲಿಲ್ಲ. ಹೀಗಿರುವಾಗ ಷೋರೂಮಿನವನ ಮುಂದೆ ನಾವೇಕೆ ಸಂಕೋಚಪಡಬೇಕು?

ಮಾರುವವರ ಮಾತೂ ಕೇಳೋಣ

ಒಬ್ಬರ ಮಾತು ಕೇಳಿ ತೀರ್ಪು ನೀಡುವುದು ನ್ಯಾಯವಲ್ಲ. ಆದ್ದರಿಂದ ಬಟ್ಟೆ ವ್ಯಾಪಾರಿಯನ್ನು ಕರೆದುಕೊಂಡು ಅವರು ಬೈಕ್ ಕೊಂಡ ಷೋರೂಮಿಗೆ ಹೋದೆ. ಮ್ಯಾನೇಜರ್ ಇಪ್ಪತ್ತೆಂಟು ಮೂವತ್ತರ ಯುವಕ. ಕುರ್ಚಿ ಕೊಟ್ಟರು, ಟೀ ತರಿಸಿದರು. ಕಾಗದಗಳನ್ನು ಮುಂದಿಟ್ಟು 4,700 ರೂಪಾಯಿಯ ಬಗ್ಗೆ ಕೇಳಿದೆ. 3,200 ಕಿಟ್‌ಗೆ, 1,500 ಹ್ಯಾಂಡ್ಲಿಂಗ್‌ಗೆ ಎಂದರು. “ಚೀಟಿ ಏಕೆ ಕೊಡಲಿಲ್ಲ?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಸರ್, ಬರುವವರೆಲ್ಲ ಕೇಳೋದು ಒಂದೇ ಮಾತು, ಎಷ್ಟು ಬಿಡ್ತೀರಾ ಅಂತ. ಲೆಕ್ಕ ಕೊಡಿ ಅಂತ ಕೇಳಿದವರಲ್ಲಿ ನೀವೇ ಮೊದಲು” ಎಂದರು.

ಅವರ ಕಷ್ಟಗಳನ್ನೂ ಹೇಳಿಕೊಂಡರು. ದೊಡ್ಡ ಡೀಲರನಿಂದ ಗಾಡಿ ತಂದು ಮಾರುವ ಸಣ್ಣ ಊರಿನ ಸಬ್ ಡೀಲರ್‌ಗೆ ಉಳಿಯುವುದು ಅಲ್ಪ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ತಿಂಗಳಿಗೆ ಇಷ್ಟು ಗಾಡಿ ಮಾರಲೇಬೇಕೆಂಬ ಗುರಿ ಬೇರೆ. ಮೈಸೂರಿನಲ್ಲಿ ಎರಡು ಸಾವಿರ ಕಡಿಮೆಗೆ ಸಿಗುತ್ತದೆ ಎಂದು ಅಲ್ಲಿ ಕೊಂಡು, ಸರ್ವಿಸ್‌ಗೆ ಮಾತ್ರ ಇಲ್ಲಿಗೆ ಬಂದು ಜಗಳ ಮಾಡುವವರಿದ್ದಾರೆ. ಇದರಲ್ಲಿ ಸುಳ್ಳೇನೂ ನನಗೆ ಕಾಣಲಿಲ್ಲ.

ಇಸ್ಲಾಮ್ ಲಾಭವನ್ನು ನಿಷೇಧಿಸಿಲ್ಲ. ಮದೀನಾದಲ್ಲಿ ಬೆಲೆ ಏರಿದಾಗ ಬೆಲೆ ನಿಗದಿಪಡಿಸಿ ಎಂದು ಜನರು ಕೇಳಿಕೊಂಡರೂ ಪ್ರವಾದಿ(ಸ) ಅದಕ್ಕೆ ಮುಂದಾಗಲಿಲ್ಲ. ಯಾರ ಮೇಲೂ ಅನ್ಯಾಯದ ಹೊರೆ ಹೊತ್ತು ಅಲ್ಲಾಹನನ್ನು ಭೇಟಿಯಾಗಲು ತಾವು ಬಯಸುವುದಿಲ್ಲ ಎಂದರು. ಸಣ್ಣ ಊರಿನ ವ್ಯಾಪಾರಿ ಎರಡು ಸಾವಿರ ಹೆಚ್ಚು ಕೇಳಿದರೆ ಅದು ಮೋಸವಲ್ಲ. “ನನ್ನಲ್ಲಿ ಬೆಲೆ ಇಷ್ಟು, ಇಷ್ಟವಿದ್ದರೆ ಕೊಳ್ಳಿ” ಎಂದು ಹೇಳಿ ಬರೆದುಕೊಟ್ಟರೆ ಅವನ ಸಂಪಾದನೆ ಹಲಾಲ್. ಆದರೆ ಅದೇ ಎರಡು ಸಾವಿರವನ್ನು ಸರ್ಕಾರದ ಶುಲ್ಕವೆಂಬಂತೆ ತೋರಿಸಿ ಪಡೆದರೆ ಅದು ಬೇರೆಯೇ ಆಯಿತು. ಹಣ ಅಷ್ಟೇ, ನಡುವೆ ಒಂದು ಸುಳ್ಳು ಸೇರಿತು. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆ ಕಾಳನ್ನು ಪತ್ತೆಹಚ್ಚಿದ ಪ್ರವಾದಿ(ಸ), ಒದ್ದೆ ಕಾಳನ್ನು ಮಾರಬೇಡ ಎನ್ನಲಿಲ್ಲ. ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಮೋಸಗಾರನು ತಮ್ಮವನಲ್ಲ ಎಂದು ಎಚ್ಚರಿಸಿದರು.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ‘ಮುಸ್ತರ್ಸಿಲ್’ ಎಂಬ ಒಂದು ಪದವಿದೆ. ಮಾರುಕಟ್ಟೆಯ ಬೆಲೆ ಅರಿಯದೆ, ಚೌಕಾಸಿ ಮಾಡಲೂ ಬಾರದೆ, ಮಾರುವವನ ಮಾತನ್ನೇ ನಂಬಿ ಕೊಳ್ಳುವ ಗ್ರಾಹಕನಿಗೆ ಆ ಹೆಸರು. ನಮ್ಮ ಭಾಗದಲ್ಲಿ ಅರಿಶಿನ ಮಾರಿ, ಚೆಂಡು ಹೂವು ಮಾರಿ, ಜೇಬಿನಲ್ಲಿ ಹಣ ಕಟ್ಟಿಕೊಂಡು ಷೋರೂಮಿನ ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವ ರೈತ ಇದ್ದಾನಲ್ಲ, ಅವನೇ ಮುಸ್ತರ್ಸಿಲ್. ಇಂಥವನಿಗೆ ವಿಪರೀತ ಬೆಲೆ ಹಾಕಿದ್ದರೆ ವ್ಯಾಪಾರವನ್ನು ರದ್ದುಪಡಿಸುವ ಹಕ್ಕು ಅವನಿಗಿದೆ ಎಂದು ಹಂಬಲೀ ಮುಂತಾದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಚೌಕಾಸಿ ಬಲ್ಲವನಿಗೆ ಒಂದು ಬೆಲೆ, ನಂಬಿದವನಿಗೆ ಹೆಚ್ಚಿನ ಬೆಲೆ ಎಂಬ ರೂಢಿ ಎಷ್ಟು ಕ್ರೂರವಾದದ್ದು! ಅದು ನಂಬಿಕೆಗೆ ವಿಧಿಸಿದ ದಂಡ.

ಅಂದು ಆ ಮ್ಯಾನೇಜರ್ ಕಿಟ್‌ಗೆ ಬಿಲ್ ಬರೆಸಿಕೊಟ್ಟರು. ಹ್ಯಾಂಡ್ಲಿಂಗ್‌ನ 1,500 ರೂಪಾಯಿಯನ್ನು ಮರಳಿಸಿದರು. ನಾವು ಜಗಳ ಮಾಡಲಿಲ್ಲ, ಬೆದರಿಸಲಿಲ್ಲ. ಕಾಗದ ಮುಂದಿಟ್ಟೆವು, ಅಷ್ಟೇ. ಮರುವಾರ ನನ್ನ ನೆರೆಯವರ ಜೊತೆ ಇನ್ನೊಂದು ಷೋರೂಮಿಗೆ ಹೋಗಿದ್ದೆ. ಅಲ್ಲಿ ಕೇಳುವ ಮೊದಲೇ ಹಾಳೆಯಲ್ಲಿ ಒಂದೊಂದೇ ಬಾಬ್ತು ಬರೆದುಕೊಟ್ಟರು. ಇದು ಬೇಕಾದರೆ ಮಾತ್ರ ಎಂದು ಕಿಟ್‌ನ ಮುಂದೆ ಗುರುತು ಹಾಕಿದರು. ಆದ್ದರಿಂದ ನಮ್ಮ ಊರುಗಳ ಡೀಲರರು ನ್ಯಾಯವಂತರೇ ಎಂದು ಕೇಳಿದರೆ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಗದು ಎಂಬುದೇ ನನ್ನ ಉತ್ತರ. ಬರೆದುಕೊಡಲು ಹಿಂಜರಿಯದವನಲ್ಲಿಗೆ ಹೋಗಿ.

ಸರ್ವಿಸ್ ಎಂಬ ಅಮಾನತ್

ಬೆಲೆಯ ಮೋಸ ಒಂದು ದಿನದ್ದು, ಸರ್ವಿಸ್‌ನ ಮೋಸ ವರ್ಷಗಟ್ಟಲೆ ನಡೆಯುವಂಥದ್ದು. ಬೈಕನ್ನು ಬಿಟ್ಟು ಬೀಗ ಕೊಟ್ಟು ಬರುವಾಗ ನಾವು ಅದನ್ನು ಅಮಾನತ್ ಆಗಿ ಒಪ್ಪಿಸುತ್ತೇವೆ. ಬದಲಿಸದ ಭಾಗಕ್ಕೆ ಬಿಲ್ ಹಾಕುವುದು, ನಕಲಿ ಬಿಡಿಭಾಗ ಹಾಕಿ ಕಂಪನಿಯ ಬೆಲೆ ಪಡೆಯುವುದು ಅಮಾನತ್ತಿನ ದ್ರೋಹ. 900 ಮಿಲಿಲೀಟರ್ ಆಯಿಲ್ ಸುರಿದು ಒಂದು ಲೀಟರಿನ ಹಣ ಪಡೆದರೆ ಅದು ಸೂರಃ ಮುತಫ್ಫಿಫೀನ್‌ಗೆ ನೇರವಾಗಿಯೇ ಸೇರುತ್ತದೆ. ಅಲ್ಲಿ ವ್ಯಾಖ್ಯಾನವೇ ಬೇಕಾಗಿಲ್ಲ. ‘ಫ್ರೀ ಸರ್ವಿಸ್’ ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ, ಆಯಿಲ್ ಮತ್ತು ಸವೆಯುವ ಭಾಗಗಳಿಗೆ ಹಣ ಕೊಡಬೇಕು. ಇದನ್ನು ಮಾರುವಾಗಲೇ ಹೇಳಿದರೆ ಆಮೇಲೆ ಜಗಳವಿರುವುದಿಲ್ಲ. ಸಂಜೆಗೆ ಆಗುವುದಿಲ್ಲ ಎಂದು ಗೊತ್ತಿದ್ದೂ ಸಂಜೆ ಬನ್ನಿ ಎನ್ನುವುದು ವಾಗ್ದಾನಭಂಗ. ಮಾತು ಕೊಟ್ಟು ಮುರಿಯುವುದನ್ನು ಪ್ರವಾದಿವರ್ಯರು(ಸ) ಕಪಟತನದ ಲಕ್ಷಣಗಳಲ್ಲಿ ಎಣಿಸಿದ್ದಾರೆ.

ಇಲ್ಲಿ ಒಂದು ಮಾತನ್ನು ನಾವು ನಮಗೇ ಹೇಳಿಕೊಳ್ಳಬೇಕು. ಷೋರೂಂಗಳ ಮಾಲೀಕರು ಬೇರೆಯವರಿರಬಹುದು. ಆದರೆ ನಮ್ಮ ಎರಡೂ ಊರುಗಳ ಗ್ಯಾರೇಜುಗಳಲ್ಲಿ, ಹಳೆ ಬೈಕುಗಳ ವ್ಯಾಪಾರದಲ್ಲಿ ನಮ್ಮ ಜಮಾಅತಿನ ಸಹೋದರರು ಎಷ್ಟೊಂದು ಮಂದಿ ಇದ್ದಾರೆ! ಕೈಗೆ ಗ್ರೀಸ್ ಹಚ್ಚಿಕೊಂಡು ಪ್ರಾಮಾಣಿಕವಾಗಿ ದುಡಿಯುವ ಅವರಿಂದ ಎಷ್ಟೋ ಮನೆಗಳು ನಡೆಯುತ್ತಿವೆ. ಆದರೆ ಜುಮಾ ನಮಾಝಿನಲ್ಲಿ ಮೊದಲ ಸಾಲಿನಲ್ಲಿ ನಿಂತು, ಹೊರಗೆ ಬಂದು ಅಪಘಾತವಾದ ಬೈಕಿಗೆ ಬಣ್ಣ ಹೊಡೆದು ಒಂದೂ ಗೀರಿಲ್ಲ ಎಂದು ಮಾರುವವರೂ ನಮ್ಮಲ್ಲಿದ್ದಾರೆ. ಗುಂಡ್ಲುಪೇಟೆ ಕೇರಳ, ತಮಿಳುನಾಡುಗಳ ಗಡಿಯ ತಾಲೂಕು. ಅಲ್ಲಿಂದ ‘ಕೆಎಲ್’, ‘ಟಿಎನ್’ ಅಂಕದ ಬೈಕುಗಳು ಕಡಿಮೆ ಬೆಲೆಗೆ ಬರುತ್ತವೆ. ಆ ರಾಜ್ಯದ ನಿರಾಕ್ಷೇಪಣಾ ಪತ್ರವಿದೆಯೇ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ಅಂಕ ಪಡೆಯಬೇಕು, ತೆರಿಗೆ ಕಟ್ಟಬೇಕು ಎಂಬುದನ್ನು ಮುಚ್ಚಿಟ್ಟು ಮಾರಿದರೆ ಕೊಂಡವನು ಮೊದಲ ತಪಾಸಣೆಯಲ್ಲೇ ಸಿಕ್ಕಿಬೀಳುತ್ತಾನೆ. ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಒಂದು ವಸ್ತ್ರವನ್ನು ಪಾಲುದಾರರು ದೋಷ ತಿಳಿಸಲು ಮರೆತು ಮಾರಿಬಿಟ್ಟಾಗ, ಕೊಂಡವನು ಸಿಗದ ಕಾರಣ ಆ ಮಾಲಿನ ಹಣವನ್ನೆಲ್ಲ ಅವರು ದಾನ ಮಾಡಿದರು. ಆ ಇಮಾಮರ ಮದ್‌ಹಬನ್ನು ಅನುಸರಿಸುವ ನಾವು ಅವರ ಅಂಗಡಿಯನ್ನೂ ಅನುಸರಿಸಬೇಡವೇ?

ಕೋಪವಲ್ಲ, ದೂರು

ಮೋಸ ಹೋದವನಿಗೆ ಕೋಪ ಬರುವುದು ಸಹಜ. ಆದರೆ ಕೋಪ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ಕಲಬುರಗಿಯ ಘಟನೆ ಸಾಕ್ಷಿ. 2024ರ ಸೆಪ್ಟೆಂಬರ್ 10ರಂದು, ಹೊಸ ವಿದ್ಯುತ್ ಸ್ಕೂಟರಿನ ರಿಪೇರಿಗಾಗಿ ಅಲೆದು ಬೇಸತ್ತ ಗ್ರಾಹಕನೊಬ್ಬ ಓಲಾ ಎಲೆಕ್ಟ್ರಿಕ್ ಷೋರೂಮಿಗೇ ಬೆಂಕಿ ಹಚ್ಚಿದ. ವಾಹನಗಳು ಸುಟ್ಟವು; ಗ್ರಾಹಕ ಬಂಧನಕ್ಕೊಳಗಾದ. ಅದರ ಮರು ತಿಂಗಳು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅದೇ ಕಂಪನಿಗೆ ನೋಟಿಸ್ ನೀಡಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದಿದ್ದ 10,644 ದೂರುಗಳು ಅದಕ್ಕೆ ಆಧಾರ. ಅವುಗಳಲ್ಲಿ ಶೇಕಡಾ 99.1ನ್ನು ಪರಿಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಬೇಕಾಯಿತು. ಬೆಂಕಿ ಹಚ್ಚಿದವನು ಸೆರೆಮನೆಗೆ ಹೋದ. ದೂರು ಬರೆಸಿದವರು ಕಂಪನಿಯಿಂದ ಉತ್ತರ ಪಡೆದರು. ಒಂದು ಜನರ ಮೇಲಿನ ದ್ವೇಷವೂ ನಿಮ್ಮನ್ನು ಅನ್ಯಾಯಕ್ಕೆ ಇಳಿಸದಿರಲಿ ಎಂಬುದು ಅಲ್ ಮಾಇದಃ ಅಧ್ಯಾಯದ 8ನೆಯ ಸೂಕ್ತದ ಬೋಧನೆ.

ಹಿಂದಿನ ಇಸ್ಲಾಮೀ ಪಟ್ಟಣಗಳಲ್ಲಿ ಪೇಟೆಯ ಅಳತೆ ತೂಕಗಳನ್ನು ಪರೀಕ್ಷಿಸಲು ‘ಮುಹ್ತಸಿಬ್’ ಎಂಬ ಅಧಿಕಾರಿ ಇರುತ್ತಿದ್ದ. ಇಂದು ಆ ಕೆಲಸಕ್ಕೆ ಗ್ರಾಹಕ ಆಯೋಗಗಳಿವೆ. 1986ರ ಕಾಯ್ದೆಯ ಜಾಗದಲ್ಲಿ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಬಿಲ್ ಕೊಡದಿರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೈಕನ್ನು ಮೈಸೂರಿನಲ್ಲಿ ಕೊಂಡಿದ್ದರೂ ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು 1915 ಎಂಬ ಸಹಾಯವಾಣಿಗೆ ಫೋನ್ ಮಾಡಬಹುದು. ಆದರೆ ಎಲ್ಲ ಕಡೆಯೂ ಮೊದಲು ಕೇಳುವುದು ಒಂದನ್ನೇ: ಕಾಗದ ಎಲ್ಲಿ?

ಜರೀರ್(ರ)ರ ಕುದುರೆ ಮತ್ತು ನನ್ನ ಹಳೆಯ ಬೈಕ್

ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಅಂದು ರಾತ್ರಿ ತೆಗೆದ ಕಡತದಲ್ಲಿ ಇನ್ನೊಂದು ಕಾಗದ ಸಿಕ್ಕಿತು. ಹೊಸ ಬೈಕಿಗೆ ಹಣ ಹೊಂದಿಸಲು ನನ್ನ ಹಳೆಯ ಬೈಕನ್ನು ಬೇಗೂರು ಕಡೆಯ ಹಳ್ಳಿಯ ಯುವಕನೊಬ್ಬನಿಗೆ ಮಾರಿದ್ದರ ಕರಾರು ಪತ್ರ. ಆ ಬೈಕಿನ ಸ್ಪೀಡೋಮೀಟರ್ ಕೇಬಲ್ ತುಂಡಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಓಡಿಸಿದ್ದೆ. ಮಾರುವ ವಾರದಲ್ಲಿ ಹೊಸ ಕೇಬಲ್ ಹಾಕಿಸಿದೆ. ಮೀಟರಿನಲ್ಲಿ ಕಾಣುತ್ತಿದ್ದ ಕಿಲೋಮೀಟರಿಗಿಂತ ಬೈಕ್ ಬಹಳ ಹೆಚ್ಚು ಓಡಿತ್ತು. ನಾನು ಸುಳ್ಳು ಹೇಳಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೆಂದು ಎರಡು ವರ್ಷ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಮುತಫ್ಫಿಫೀನ್‌ನ ದರ್ಸ್ ಮಾಡಿ ಬಂದ ರಾತ್ರಿ ಆ ಸಮಾಧಾನ ನಿಲ್ಲಲಿಲ್ಲ.

ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ) ಅವರ ಘಟನೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವರ ಸೇವಕ ಅವರಿಗಾಗಿ 300 ದಿರ್‌ಹಮ್‌ಗೆ ಒಂದು ಕುದುರೆಯನ್ನು ಕೊಂಡನು. ಕುದುರೆಯನ್ನು ನೋಡಿದ ಜರೀರ್(ರ) ಅದರ ಒಡೆಯನಿಗೆ, ಇದು ಅದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ ಎಂದು ಹೇಳಿ ನೂರು ನೂರಾಗಿ ಏರಿಸುತ್ತಾ 800 ದಿರ್‌ಹಮ್‌ಗೆ ಕೊಂಡರು. ಪ್ರತಿಯೊಬ್ಬರ ಹಿತವನ್ನೂ ಬಯಸುವುದಾಗಿ ಪ್ರವಾದಿ(ಸ)ಯವರಿಗೆ ಪ್ರತಿಜ್ಞೆ ಮಾಡಿದ್ದೇನೆ ಎಂಬುದೇ ಅವರು ಕೊಟ್ಟ ಕಾರಣ. ಮಾರುವವನು ಕೇಳದಿದ್ದಾಗಲೂ ಕೊಳ್ಳುವವನು ಸತ್ಯ ಹೇಳಿದ್ದು ಅದು. ಕೊಳ್ಳುವವನು ಕೇಳಲಿಲ್ಲವೆಂದು ನಾನು ಸತ್ಯವನ್ನು ನುಂಗಿದ್ದೆ.

ಒಂದು ಭಾನುವಾರ ಆ ಯುವಕನ ಊರಿಗೆ ಹೋದೆ. ಅವನು ಹೊಲದಿಂದ ಬಂದು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟ. ವಿಷಯವನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ನೆಲ ನೋಡುತ್ತಾ ಕುಳಿತ.

“ಗೊತ್ತಾಗಿತ್ತು ಮೇಷ್ಟ್ರೇ, ಮೂರನೇ ತಿಂಗಳಿಗೇ ಮೆಕ್ಯಾನಿಕ್ ಹೇಳ್ದ. ಬೇರೆಯವರ ಹತ್ರ ತಗೊಂಡಿದ್ರೆ ಹತ್ತು ಸಲ ಕೇಳ್ತಿದ್ದೆ. ನೀವು ಮೇಷ್ಟ್ರಲ್ವಾ ಅಂತ ಕೇಳಲಿಲ್ಲ” ಎಂದ.

ನಾನು ಪುಸ್ತಕದಲ್ಲಿ ಓದಿದ್ದ ಮುಸ್ತರ್ಸಿಲ್ ನನ್ನ ಮುಂದೆಯೇ ಕುಳಿತಿದ್ದ. ಇಂಜಿನ್ ಕೆಲಸಕ್ಕೆ ಅವನಿಗೆ 3,500 ರೂಪಾಯಿ ಖರ್ಚಾಗಿತ್ತು. ಅಷ್ಟನ್ನೂ ಕೊಟ್ಟೆ. ಬೇಡ ಬೇಡ ಎಂದು ಕೊನೆಗೆ ತೆಗೆದುಕೊಂಡ. ಇದನ್ನು ಬರೆದದ್ದು ಹೊಗಳಿಕೆಗಾಗಿ ಅಲ್ಲ; ಎರಡು ವರ್ಷ ತಡವಾಗಿ ತೀರಿಸಿದ ಸಾಲಕ್ಕೆ ಹೊಗಳಿಕೆ ಎಲ್ಲಿಯದು? ಡೀಲರರನ್ನು ತೂಗಲು ಹೊರಟವನು ತಾನೂ ಅದೇ ತಕ್ಕಡಿಯಲ್ಲಿ ಕುಳಿತುಕೊಳ್ಳಬೇಕಾಯಿತು ಎಂಬುದನ್ನು ಮುಚ್ಚಿಟ್ಟರೆ ಈ ಪಾಠ ಪೂರ್ಣವಾಗದು.

ಪಾಠದ ಸಾರ

1. ಹಣ ಕೊಡುವ ಮೊದಲು ಪ್ರತಿಯೊಂದು ಬಾಬ್ತನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬರೆದ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುವುದಾದರೂ ಅದಕ್ಕೆ ಚೀಟಿ ಪಡೆಯಿರಿ.

2. ಖಾಲಿ ಫಾರಂಗೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಓದು ಬಲ್ಲ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ.

3. ನಗದು ಕೊಟ್ಟು ಕೊಳ್ಳುವವರು ಒತ್ತಡಕ್ಕೆ ಮಣಿದು ಬಡ್ಡಿಯ ಸಾಲಕ್ಕೆ ಇಳಿಯಬೇಡಿ. ಕಾಯಿರಿ, ಅಥವಾ ಬೇರೆ ಅಂಗಡಿಯಲ್ಲಿ ವಿಚಾರಿಸಿ.

4. ಸರ್ವಿಸ್‌ಗೆ ಬಿಡುವಾಗ ಮಾಡಬೇಕಾದ ಕೆಲಸಗಳನ್ನು ಬರೆಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

5. ಮಾರುವವರಾದರೆ, ಕೊಳ್ಳುವವನು ಕೇಳದಿದ್ದರೂ ದೋಷವನ್ನು ಹೇಳಿ. ನಿಮ್ಮನ್ನು ನಂಬಿ ಬಂದವನಿಗೆ ಎಲ್ಲರಿಗಿಂತ ಮೊದಲು ಹೇಳಿ.

ಮೊನ್ನೆ ದರ್ಸ್‌ನಲ್ಲಿ ಆ ಬಟ್ಟೆ ವ್ಯಾಪಾರಿಗೆ ನಾನು ಉತ್ತರ ಹೇಳಿದೆ: ಆ ಸೂರಃ ಬೈಕ್ ಮಾರುವವರಿಗೂ ಸೇರುತ್ತದೆ, ಬೈಕ್ ಮಾರಿದ ಮೇಷ್ಟ್ರಿಗೂ ಸೇರುತ್ತದೆ. ಈ ಸಲ ಯಾರೂ ನಗಲಿಲ್ಲ.

ನಮ್ಮ ಕೊಡುಕೊಳ್ಳುವಿಕೆಯಲ್ಲಿ ಸತ್ಯವನ್ನೂ ನಮ್ಮ ಸಂಪಾದನೆಯಲ್ಲಿ ಬರ್ಕತನ್ನೂ ಅಲ್ಲಾಹನು ದಯಪಾಲಿಸಲಿ. ಎಲ್ಲ ಕಾಗದಗಳೂ ತೆರೆಯಲ್ಪಡುವ ಆ ದಿನ ನಮ್ಮ ಕರ್ಮಪತ್ರವನ್ನು ಬಲಗೈಗೆ ನೀಡಲಿ. ಆಮೀನ್.